ಗುಜರಿಯ ಉಣ್ಣೆ, ಆಗುಂಬೆಯ ಮಳೆ: ನನ್ನ ಅನುಭವ

"ಎಂತ ಮಾರಾಯಾ, ಈ ಸೆಕೆಗೆ ಸ್ವೆಟರಾ?" ಉಡುಪಿಯಲ್ಲಿ ಉಣ್ಣೆ ಹಾಕಿಕೊಂಡು ಸೈಕಲ್ ತುಳಿಯಲು ಶುರು ಮಾಡಿದಾಗ ನಮ್ಮ ಭಾನುವಾರದ ಗುಂಪಿನವರೆಲ್ಲ ಇದನ್ನೇ ಕೇಳಿದ್ದರು. ಈಗ ಅವರಲ್ಲೇ ಅರ್ಧ ಜನ ಉಣ್ಣೆ ಎಲ್ಲಿ ಸಿಗುತ್ತದೆ, ಹೇಗೆ ಒಗೆಯುತ್ತೀ ಎಂದು ಕೇಳುತ್ತಿದ್ದಾರೆ. ಪ್ರತಿಯೊಬ್ಬರಿಗೂ ಬೇರೆಬೇರೆ ಹೇಳುವ ಬದಲು ಒಮ್ಮೆ ಬರೆದುಬಿಡುತ್ತೇನೆ.

ಆಗುಂಬೆ ಘಾಟಿ ಗೊತ್ತಲ್ಲ? ಸೋಮೇಶ್ವರದಿಂದ 14 ಹೇರ್‌ಪಿನ್ ತಿರುವು ಹತ್ತುವಾಗ ಬೆವರಿನಲ್ಲೇ ಒದ್ದೆ. ಮೇಲೆ ಹೋದರೆ ಮಳೆ. ಇಳಿಯುವಾಗ ಪಾಲಿಯೆಸ್ಟರ್ ಜೆರ್ಸಿ ಎದೆಗೆ ಅಂಟಿ, ಬ್ರೇಕ್ ಹಿಡಿಯುವ ಬೆರಳು ಮರಗಟ್ಟುತ್ತದೆ. ತೆಳು ಉಣ್ಣೆ ಒದ್ದೆಯಾದರೂ ಬೆಚ್ಚಗಿರುತ್ತದೆ. ತನ್ನ ತೂಕದ ಮೂರನೇ ಒಂದು ಭಾಗದಷ್ಟು ಪಸೆ ಹೀರಿಕೊಂಡರೂ ಕೈಗೆ ಹಸಿ ಅನ್ನಿಸುವುದಿಲ್ಲ. ನಾತವೂ ಇಲ್ಲ. ಜುಲೈ ತಿಂಗಳಲ್ಲಿ ಪಾಲಿಯೆಸ್ಟರ್ ಒಂದು ಸವಾರಿಗೇ ಹಳಸುತ್ತದೆ, ಅಲ್ವಾ? ಉಣ್ಣೆ ಐದಾರು ಸವಾರಿ ತಾಳುತ್ತದೆ. ಆದರೆ ತೆಳುವಾಗಿರಬೇಕು. ಅಜ್ಜನ ದಪ್ಪ ಸ್ವೆಟರ್ ನೀರು ಕುಡಿದು ಮೊಣಕಾಲಿಗೆ ಇಳಿಯುತ್ತದೆ. ಏಪ್ರಿಲ್ ಮಧ್ಯಾಹ್ನಕ್ಕೆ ಯಾವ ಬಟ್ಟೆಯೂ ಆಗುವುದಿಲ್ಲ, ಆ ಮಾತು ಬೇಡ.

ಮೆರಿನೊ ಎಂಬ ನಯವಾದ ಕುರಿ ಉಣ್ಣೆಯ ಹೊಸ ಜೆರ್ಸಿಗೆ ಆರೇಳು ಸಾವಿರ ಕೇಳುತ್ತಾರೆ. ನನ್ನವು ಒಂದೊಂದೂ ನೂರರ ಆಸುಪಾಸು. ಮಣಿಪಾಲಕ್ಕೆ ಓದಲು ಬರುವ ಉತ್ತರದ ಮಕ್ಕಳು ಸ್ವೆಟರ್ ತುಂಬಿಕೊಂಡು ಬರುತ್ತಾರೆ. ಇಲ್ಲಿ ಚಳಿಯೇ ಇಲ್ಲ. ಕೋರ್ಸ್ ಮುಗಿಸಿ ರೂಮ್ ಖಾಲಿ ಮಾಡುವಾಗ ಎಲ್ಲ ಗುಜರಿಗೆ. ಯಾವ ಗುಜರಿ, ಯಾವ ವಾರ ಎಂದು ಮಾತ್ರ ನಾನು ಹೇಳುವುದಿಲ್ಲ. ಕೋಟಿನ ಒಳಗೆ ಹಾಕುವ ವಿ ಕುತ್ತಿಗೆಯ ತೆಳು ಸ್ವೆಟರ್ ಹುಡುಕಿ. ಟ್ಯೂಬ್‌ಲೈಟಿಗೆ ಹಿಡಿದರೆ ಬೆಳಕು ಕಾಣಬೇಕು. ಕುತ್ತಿಗೆಗೆ ಉಜ್ಜಿ ನೋಡಿ, ಚುಚ್ಚಿದರೆ ಬಿಡಿ.

ಲೇಬಲ್ ನಂಬಬೇಡಿ, ಹೆಚ್ಚಿನವಕ್ಕೆ ಲೇಬಲ್ಲೇ ಇರುವುದಿಲ್ಲ. ಒಳಹೊಲಿಗೆಯಿಂದ ಒಂದು ಎಳೆ ಎಳೆದು ಬೆಂಕಿ ತೋರಿಸಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ, ಬೆಂಕಿ ತೆಗೆದ ಕೂಡಲೇ ಆರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಕರಿ ಮಣಿಯಾಗುತ್ತದೆ. ರಸ್ತೆ ಬದಿ ರಾಶಿ ಹಾಕಿ "ಪ್ಯೂರ್ ವೂಲ್" ಎಂದು ಕೂಗುವವರ ಹತ್ತಿರ ಮೊದಲ ವರ್ಷ ಏಳೆಂಟು ನೂರು ಹೋಯಿತು. ಮನೆಗೆ ತಂದು ಸುಟ್ಟು ನೋಡಿದರೆ ಎಲ್ಲ ಮಣಿ.

ತಂದ ಕೂಡಲೇ ಕಪಾಟಿಗೆ ಇಡಬೇಡಿ, ಹುಳದ ಮೊಟ್ಟೆ ಇದ್ದರೆ ಪಕ್ಕದ್ದೂ ಹೋಯಿತು. ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದು ವಾರ ಫ್ರೀಜರಿಗೆ ಹಾಕುತ್ತೇನೆ. ನಮ್ಮಲ್ಲಿ ಬಂಗುಡೆ ಮೀನಿನ ಪಕ್ಕವೇ ಜಾಗ, ಅದಕ್ಕೇ ಎರಡು ಚೀಲ.

ಇನ್ನು ಒಗೆಯುವುದು. ಕೆಲಸ ಕೆಡುವುದು ಇಲ್ಲೇ. ಲಾಂಡ್ರಿಗೆ ಕೊಟ್ಟ ನನ್ನ ಒಳ್ಳೆಯ ಬೂದು ಸ್ವೆಟರ್ ಎರಡನೇ ಕ್ಲಾಸಿನ ಮಗುವಿನ ಅಳತೆಗೆ ಬಂದು ವಾಪಸಾಯಿತು. ಬಿಸಿನೀರು, ಖಾರದ ಸೋಪು, ತಿಕ್ಕಾಟ ಮೂರೂ ಸೇರಿದರೆ ಎಳೆಯ ಮೇಲಿನ ಹುರುಪೆಗಳು ಒಂದಕ್ಕೊಂದು ಸಿಕ್ಕಿಹಾಕಿಕೊಂಡು ಬಟ್ಟೆ ಕಂಬಳಿಯಾಗುತ್ತದೆ. ಕಲೆ ತೆಗೆಯಲು ಎಂಜೈಮ್ ಹಾಕಿದ ಪುಡಿಗಳಂತೂ ಉಣ್ಣೆಯನ್ನೇ ತಿನ್ನುತ್ತವೆ. ಅಂಟುವಾಳ ನೆನೆಸಿ ಒಗೆದೆ. ಕೊಳೆ ಚೆನ್ನಾಗಿಯೇ ಹೋಗುತ್ತದೆ, ಆದರೆ ಚೈನಿನ ಎಣ್ಣೆ ಬಿಡುವುದಿಲ್ಲ. ಉಣ್ಣೆ ಎಂದರೆ ಕೂದಲೇ ತಾನೇ ಎಂದು ತಲೆಗೆ ಹಚ್ಚುವ ದಾಸವಾಳದ ಎಲೆಯ ಲೋಳೆ, ಅಂದರೆ ಗೊಂಪಿನಲ್ಲೂ ಒಗೆದು ನೋಡಿದೆ. ಮೆತ್ತಗಾಯಿತು ನಿಜ, ಬಿಳಿ ಬಟ್ಟೆ ಹಸಿರಾಯಿತು. ಕಪ್ಪು ಬಟ್ಟೆಗೆ ಈಗಲೂ ಒಮ್ಮೊಮ್ಮೆ ಮಾಡುತ್ತೇನೆ.

ಕೊನೆಗೆ ನಿಂತದ್ದು ಒಂದೆರಡು ರೂಪಾಯಿಯ ಶಾಂಪೂ ಸ್ಯಾಷೆಗೆ. ಅರ್ಧ ಬಕೆಟ್ ಬಾವಿನೀರಿಗೆ ಅರ್ಧ ಸ್ಯಾಷೆ ಸಾಕು. ಹತ್ತು ನಿಮಿಷ ಮುಳುಗಿಸಿ, ಅಂಗೈಯಲ್ಲಿ ಒತ್ತಿ ಬಿಡಿ, ಒತ್ತಿ ಬಿಡಿ. ಕಲ್ಲಿಗೆ ಕುಕ್ಕುವುದು ಇಲ್ಲ, ಹಿಂಡುವುದು ಇಲ್ಲ. ತೊಳೆಯುವ ನೀರೂ ಅಷ್ಟೇ ತಣ್ಣಗಿರಬೇಕು. ಕೊನೆಯ ನೀರಿಗೆ ನಾನು ಇನ್ನೊಂದು ಸೇರಿಸುತ್ತೇನೆ, ಅದು ನನ್ನ ಹತ್ತಿರವೇ ಇರಲಿ. ಆಮೇಲೆ ದೊಡ್ಡ ಬೈರಾಸಿನ (ಟವೆಲ್) ಮೇಲೆ ಹಾಸಿ, ಚಾಪೆಯಂತೆ ಸುತ್ತಿ, ಬರಿಗಾಲಲ್ಲಿ ಮೇಲೆ ನಿಂತು ತುಳಿಯಿರಿ. ಬೈರಾಸು ತೊಪ್ಪೆಯಾಗುತ್ತದೆ, ಸ್ವೆಟರ್ ಮುಕ್ಕಾಲು ಒಣಗಿರುತ್ತದೆ.

ಹಗ್ಗಕ್ಕೆ ನೇತುಹಾಕಿದರೆ ತೋಳು ಉದ್ದವಾಗುತ್ತದೆ. ಬಚ್ಚಲು ಒಲೆಯ ಹತ್ತಿರ ಹೊಗೆ ವಾಸನೆ ಹಿಡಿಯಿತು. ಈಗ ಹಳೆಯ ಹಸಿರು ನೆಟ್ಟನ್ನು ನಾಲ್ಕು ಕುರ್ಚಿಗೆ ಬಿಗಿದು ಕಟ್ಟಿ, ಅದರ ಮೇಲೆ ಹಾಸಿ ಫ್ಯಾನ್ ಹಾಕುತ್ತೇನೆ. ಜಡಿಮಳೆಯಲ್ಲೂ ರಾತ್ರಿ ಹಾಕಿದ್ದು ಬೆಳಿಗ್ಗೆಗೆ ಸಿದ್ಧ. ದಿನಾ ಒಗೆಯಬೇಕಾಗಿಲ್ಲ. ಬೆವರಿನ ಉಪ್ಪಿಗೆ ಬರೀ ನೀರು ಸಾಕು.

ಲಾಂಡ್ರಿಯಲ್ಲಿ ಕುಗ್ಗಿದ್ದನ್ನು ಕಂಡೀಷನರ್‌ನಲ್ಲಿ ನೆನೆಸಿ ಎಳೆದೆ. ಸುಮಾರು ಎರಡು ಇಂಚು ಬಂತು, ಅಷ್ಟೇ. ಅದರ ತೋಳು ಕತ್ತರಿಸಿ ಟೈಲರ್ ಹತ್ತಿರ ಇನ್ನೊಂದರ ಬೆನ್ನಿಗೆ ಮೂರು ಜೇಬು ಹೊಲಿಸಿದೆ, ನೂರಿಪ್ಪತ್ತೋ ನೂರೈವತ್ತೋ ಕೊಟ್ಟ ನೆನಪು. ಕಂಬಳಿಯಾದ ಉಣ್ಣೆ ಹಿಗ್ಗುವುದಿಲ್ಲ, ಬಾಳೆಹಣ್ಣು, ಪಂಪು ಹಾಕಿದರೂ ಜೇಬು ಜೋತು ಬೀಳುವುದಿಲ್ಲ. ಜೇಬಿಗಾಗಿಯೇ ಈಗ ಗುಜರಿಯಲ್ಲಿ ಕುಗ್ಗಿದ ಸ್ವೆಟರನ್ನೂ ತೆಗೆದಿಡಲು ಹೇಳಿದ್ದೇನೆ, ಅದು ಇಪ್ಪತ್ತು ರೂಪಾಯಿಗೆ ಸಿಗುತ್ತದೆ.