ಐಐಎಸ್ ಸೈಟ್, ಆಪ್ ಪೂಲ್ ಬಿದ್ರೆ ಬೇರೆಯವ್ರ ಫೋನ್ ಬರುವ ಮೊದ್ಲೇ ನಮಗೆ ಗೊತ್ತಾಗ್ಬೇಕು, ಹೀಗೆ ಮಾಡಿ

ಕಾಸರಗೋಡಿನ ಬದಿಯಡ್ಕ ಹತ್ರದ ಒಂದು ಸೊಸೈಟಿಯ ವೆಬ್‌ಸೈಟ್ ನಾನು ನೋಡಿಕೊಳ್ಳುದು. ಅದು ಓಡುದು ಐಐಎಸಲ್ಲಿ, ಅಂದ್ರೆ ವಿಂಡೋಸಿನ ವೆಬ್ ಸರ್ವರಲ್ಲಿ. ಅದ್ರಲ್ಲಿ ದಿನಾ ಬೆಳಿಗ್ಗೆ ಅಡಿಕೆ ರೇಟ್ ಹಾಕ್ತಾರೆ, ಹೊಸತು, ಡಬ್ಬಲ್ ಚೋಲ್, ಪಟೋರ, ಕೋಕ, ಹೀಗೆ ಎಲ್ಲ ಬಗೆಯದ್ದೂ. ಹೋದ ಮಳೆಗಾಲದಲ್ಲಿ ಒಂದು ಸೋಮವಾರ ಎಂಟೂವರೆಗೆ ಅಲ್ಲಿನ ಸೆಕ್ರೆಟರಿಯವ್ರ ಫೋನ್ ಬಂತು, "ಅಕ್ಕಾ, ಪೇಜ್ ಓಪನೇ ಆಗುದಿಲ್ಲ, ಸರ್ವೀಸ್ ಅನ್‌ಅವೈಲೆಬಲ್ ಅಂತ ಬರ್ತದೆ, ಇಲ್ಲಿ ಜನ ಗೋಣಿ ಜೀಪಿಗೆ ಹಾಕಿ ರೇಟ್ ನೋಡ್ಲಿಕ್ಕೆ ಕಾಯ್ತಾ ಇದ್ದಾರೆ." ಸೈಟ್ ಬಿದ್ದದ್ದು ಭಾನುವಾರ ರಾತ್ರಿ, ನನಗೆ ಗೊತ್ತಾದದ್ದು ಸೋಮವಾರ ಬೆಳಿಗ್ಗೆ, ಅದೂ ಅವ್ರು ಹೇಳಿ. ಆವತ್ತು ತುಂಬ ಬೇಜಾರಾಯ್ತು. ಅದೇ ವಾರ ಕೂತು ಮಾಡಿದ ಏರ್ಪಾಡು ಇದು, ನಿಮ್ಗೂ ಉಪಯೋಗ ಆದೀತು.

ಮೊದ್ಲು ಎಂತ ಆಗಿತ್ತು ಅಂತ ಹೇಳ್ತೇನೆ, ಯಾಕಂದ್ರೆ ಯಾವುದನ್ನು ಕಾಯ್ಬೇಕು ಅಂತ ಅದ್ರಿಂದಲೇ ಗೊತ್ತಾಗುದು. ಆಪ್ ಪೂಲ್ ಅಂದ್ರೆ ಐಐಎಸ್ ಸೈಟಿನ ಪ್ರೋಗ್ರಾಮನ್ನು ಓಡಿಸುವ ಏರ್ಪಾಡು. ನಮ್ಮ ಸೈಟಿನ ಆಪ್ ಪೂಲ್ ಒಂದು ಬೇರೆ ಯೂಸರ್ ಅಕೌಂಟಲ್ಲಿ ಓಡ್ತಾ ಇತ್ತು, ಶನಿವಾರ ಯಾರೋ ಅದ್ರ ಪಾಸ್‌ವರ್ಡ್ ಚೇಂಜ್ ಮಾಡಿದ್ರು, ಪೂಲಲ್ಲಿ ಹಳೇ ಪಾಸ್‌ವರ್ಡೇ ಉಳೀತು. ಆದ್ರೆ ಕೂಡ್ಲೇ ಏನೂ ಆಗ್ಲಿಲ್ಲ! ಓಡ್ತಾ ಇದ್ದ ವರ್ಕರ್ ಪ್ರೊಸೆಸ್, ಅಂದ್ರೆ ಪೂಲಲ್ಲಿ ಸೈಟಿನ ಕೆಲ್ಸ ಮಾಡುವ ಪ್ರೋಗ್ರಾಮ್, ಹಾಗೇ ಓಡ್ತಾ ಇರ್ತದೆ, ಅದು ಒಮ್ಮೆ ನಿಂತು ಮತ್ತೆ ಶುರು ಆಗುವಾಗ ಮಾತ್ರ ಲಾಗಿನ್ ಫೇಲ್. ಐಐಎಸ್‌ನ ಡಿಫಾಲ್ಟ್ ಸೆಟ್ಟಿಂಗಲ್ಲಿ 20 ನಿಮಿಷ ಯಾರೂ ಬರದಿದ್ರೆ ಪ್ರೊಸೆಸ್ ನಿಲ್ತದೆ, ಇಲ್ಲದಿದ್ರೂ 1740 ನಿಮಿಷಕ್ಕೆ ಅಂದ್ರೆ 29 ಗಂಟೆಗೆ ಒಮ್ಮೆ ರೀಸೈಕಲ್ ಆಗ್ತದೆ, ಅಂದ್ರೆ ಹಳೇ ಪ್ರೊಸೆಸ್ ಹೋಗಿ ಹೊಸತು ಶುರು ಆಗ್ತದೆ. ಹಾಗಾಗಿ ತಪ್ಪು ಆದದ್ದು ಒಂದು ದಿನ, ಸೈಟ್ ಬೀಳುದು ಇನ್ನೊಂದು ದಿನ. ಇನ್ನೊಂದು ಕಾರಣ ರ್‍ಯಾಪಿಡ್ ಫೇಲ್ ಪ್ರೊಟೆಕ್ಷನ್, ಆಪ್ 5 ನಿಮಿಷದ ಒಳಗೆ 5 ಸಲ ಕ್ರ್ಯಾಶ್ ಆದ್ರೆ ಐಐಎಸ್ ತಾನಾಗಿ ಪೂಲನ್ನು ನಿಲ್ಲಿಸಿಬಿಡ್ತದೆ, ಆಮೇಲೆ ಯಾರು ಬಂದ್ರೂ 503, ಅಂದ್ರೆ ಅದೇ ಸರ್ವೀಸ್ ಅನ್‌ಅವೈಲೆಬಲ್.

ಈ 503 ಸೈಟಿನ ಮಾಮೂಲಿ ಲಾಗಲ್ಲಿ ಕಾಣುದಿಲ್ಲ, ನಾನು ಅಲ್ಲೇ ಹುಡುಕಿ ಅರ್ಧ ಗಂಟೆ ಹೋಯ್ತು. ಅದು ಸಿಸ್ಟಮ್32 ಒಳಗೆ ಲಾಗ್‌ಫೈಲ್ಸ್, ಅದ್ರೊಳಗೆ ಎಚ್‌ಟಿಟಿಪಿಇಆರ್‌ಆರ್ ಅಂತ ಫೋಲ್ಡರ್ ಉಂಟು, ಅಲ್ಲಿ ಬೀಳುದು. ಪೂಲ್ ಕ್ರ್ಯಾಶಿಂದ ನಿಂತಿದ್ರೆ ಪಕ್ಕದಲ್ಲಿ ಆಪ್‌ಆಫ್‌ಲೈನ್ ಅಂತ ಬರೆದಿರ್ತದೆ.

ಈಗ ಕೆಲ್ಸಕ್ಕೆ ಬರುವ. ನೋಟ್‌ಪ್ಯಾಡಲ್ಲಿ ಒಂದು ಪವರ್‌ಶೆಲ್ ಸ್ಕ್ರಿಪ್ಟ್, ಅಂದ್ರೆ ವಿಂಡೋಸ್ ಕಮಾಂಡುಗಳನ್ನು ಸಾಲಾಗಿ ಬರೆದ ಫೈಲ್, ಬೇಕು. ಸರ್ವರ್ 2016 ಅಥವಾ ಅದ್ರ ಮೇಲಿನದ್ದು ಆದ್ರೆ ಗೆಟ್-ಐಐಎಸ್‌ಸೈಟ್, ಗೆಟ್-ಐಐಎಸ್‌ಆಪ್‌ಪೂಲ್ ಅಂತ ಎರಡು ಕಮಾಂಡ್ ಉಂಟು, ಎರಡ್ರಲ್ಲೂ ಸ್ಟೇಟ್ ಅಂತ ಬರ್ತದೆ, ಸ್ಟಾರ್ಟೆಡ್ ಅಲ್ಲದ್ದನ್ನೆಲ್ಲ ಹೆಕ್ಕಿ ಒಂದು ಪಟ್ಟಿ ಮಾಡಿ. ಬೇಕೂಂತಲೇ ನಿಲ್ಲಿಸಿಟ್ಟ ಹಳೇ ಸೈಟ್ ಇದ್ರೆ ಅದ್ರ ಹೆಸ್ರು ಈ ಪಟ್ಟಿಗೆ ಬಾರದ ಹಾಗೆ ಸ್ಕ್ರಿಪ್ಟಲ್ಲೇ ಹೊರಗಿಡಿ.

ಆದ್ರೆ ಇಲ್ಲಿಗೇ ನಿಲ್ಲಿಸ್ಬೇಡಿ, ಇದನ್ನು ಒತ್ತಿ ಹೇಳ್ತೇನೆ. ಪೂಲ್ ಸ್ಟಾರ್ಟೆಡ್, ಸೈಟ್ ಸ್ಟಾರ್ಟೆಡ್, ಆದ್ರೂ ಡೇಟಾಬೇಸಿನ ಡಿಸ್ಕ್ ತುಂಬಿ ಪೇಜಲ್ಲಿ 500, ಅಂದ್ರೆ ಸರ್ವರಿನ ಒಳಗಿನ ಎರರ್, ಬರ್ತಾ ಇರ್ಬಹುದು, ಸ್ಟೇಟ್ ಮಾತ್ರ ನೋಡಿದ್ರೆ ಎಲ್ಲ ಹಸಿರೇ. ಅದಕ್ಕೆ ಇನ್‌ವೋಕ್-ವೆಬ್‌ರಿಕ್ವೆಸ್ಟ್ ಕೊಟ್ಟು ನಿಜವಾದ ಪೇಜನ್ನೇ ತೆಗೀರಿ, ಯೂಸ್‌ಬೇಸಿಕ್‌ಪಾರ್ಸಿಂಗ್ ಅಂತ ಆಯ್ಕೆ ಹಾಕಿ, ಟೈಮ್‌ಔಟ್ 30 ಸೆಕೆಂಡ್ ಇಡಿ ಯಾಕಂದ್ರೆ ರೀಸೈಕಲ್ ಆದ ಮೇಲಿನ ಮೊದಲ ರಿಕ್ವೆಸ್ಟ್ ನಿಧಾನ, ಮತ್ತೆ ಎರರನ್ನು ಹಿಡಿಯುವ ಟ್ರೈ-ಕ್ಯಾಚ್ ಒಳಗೆ ಬರೀರಿ, 500 ಬಂದ್ರೆ ಈ ಕಮಾಂಡ್ ಎರರ್ ಎಸೆದು ಅಲ್ಲೇ ಬಿಡ್ತದೆ. 200 ಅಂದ್ರೆ ಪೇಜ್ ಸರಿ ಅಂತ ಉತ್ತರ ಬಂದ್ರೂ ಸಾಲ್ದು, ಬಂದ ಪೇಜಲ್ಲಿ ಇರಲೇಬೇಕಾದ ಒಂದು ಪದ ಉಂಟಾ ನೋಡಿ, ನಾನು "ಪಟೋರ" ಅಂತ ಹುಡುಕ್ತೇನೆ. ರೇಟ್ ಟೇಬಲ್ ಖಾಲಿ ಆದ್ರೆ ಆ ಪದ ಇರುದಿಲ್ಲ, ಅಲರ್ಟ್ ಬರ್ತದೆ.

ಅಲರ್ಟ್ ಕಳಿಸ್ಲಿಕ್ಕೆ ನಾನು ಟೆಲಿಗ್ರಾಮ್ ಬಾಟ್ ಇಟ್ಟಿದ್ದೇನೆ. ಟೆಲಿಗ್ರಾಮಲ್ಲೇ ಇರುವ ಬಾಟ್‌ಫಾದರ್ ಹತ್ರ ಹೊಸ ಬಾಟ್ ಕೇಳಿದ್ರೆ ಟೋಕನ್, ಅಂದ್ರೆ ಆ ಬಾಟಿನ ಗುಟ್ಟಿನ ಕೀ, ಕೊಡ್ತದೆ, ಒಂದು ಗ್ರೂಪಿಗೆ ಅದನ್ನು ಸೇರಿಸಿ ಚಾಟ್ ಐಡಿ ತೆಗೊಳ್ಳಿ, ಇನ್‌ವೋಕ್-ರೆಸ್ಟ್‌ಮೆಥಡ್ ಕಮಾಂಡಲ್ಲಿ ಟೆಲಿಗ್ರಾಮಿನ ಸೆಂಡ್‌ಮೆಸೇಜ್ ವಿಳಾಸಕ್ಕೆ ಪೋಸ್ಟ್ ಮಾಡಿ. ಹಳೇ ಸರ್ವರ್ ಆದ್ರೆ ಸ್ಕ್ರಿಪ್ಟಿನ ಶುರುವಲ್ಲೇ ಟಿಎಲ್‌ಎಸ್ 1.2 (ಸುರಕ್ಷಿತ ಕನೆಕ್ಷನ್ನಿನ ಕ್ರಮ) ಆನ್ ಮಾಡ್ಬೇಕಾದೀತು, ಇಲ್ಲದಿದ್ರೆ ಕನೆಕ್ಷನ್ನೇ ಆಗುದಿಲ್ಲ.

ನಮ್ಮ ಕಡೆಯವ್ರಿಗೆ ಇದು ಮುಖ್ಯ. ನಮ್ಮ ಗ್ರೂಪಲ್ಲಿ ನಾನು ಕನ್ನಡ, ಸೊಸೈಟಿಯ ಕಂಪ್ಯೂಟರ್ ನೋಡುವ ಹುಡುಗ ಓದುದು ಮಲಯಾಳ, ಹಾಗಾಗಿ ಮೆಸೇಜ್ ಎರಡ್ರಲ್ಲೂ ಬರೆದೆ. ಮೊದಲ ಟೆಸ್ಟಿಗೆ ಮೊಬೈಲಲ್ಲಿ ಬಂದದ್ದು ಬರೀ ಸಾಲು ಸಾಲು ಪ್ರಶ್ನೆ ಚಿಹ್ನೆ, ಮಧ್ಯದಲ್ಲಿ 503 ಅಂತ ಮಾತ್ರ ಓದ್ಲಿಕ್ಕೆ ಆಗ್ತಾ ಇತ್ತು. ವಿಂಡೋಸ್ ಪವರ್‌ಶೆಲ್ 5.1ರಲ್ಲಿ ಎರಡು ಕಡೆ ಸರಿ ಮಾಡ್ಬೇಕು, ಸ್ಕ್ರಿಪ್ಟ್ ಫೈಲನ್ನು ಯುಟಿಎಫ್-8 ವಿತ್ ಬಿಒಎಂ (ಎಲ್ಲ ಲಿಪಿಯ ಅಕ್ಷರ ಉಳಿಸುವ ಕ್ರಮ) ಅಂತ ಸೇವ್ ಮಾಡಿ, ಮತ್ತೆ ಮೆಸೇಜನ್ನು ಸ್ಟ್ರಿಂಗ್ ಆಗಿ ಕಳಿಸದೆ ಯುಟಿಎಫ್-8 ಬೈಟ್ ಮಾಡಿ ಕಳಿಸಿ. ಅಷ್ಟು ಮಾಡಿದ ಮೇಲೆ ಎರಡು ಲಿಪಿಯೂ ಚಂದಕ್ಕೆ ಬಂತು.

ಒಂದು ಸಲ ಫೇಲ್ ಆದ್ರೆ ಮೆಸೇಜ್ ಬೇಡ, ಸತತ ಎರಡು ಸಲ ಆದ್ರೆ ಕಳಿಸಿ. ಹೋದ ಸಲದ ಸ್ಥಿತಿಯನ್ನು ಒಂದು ಟೆಕ್ಸ್ಟ್ ಫೈಲಲ್ಲಿ ಬರೆದಿಡಿ, ಬಿದ್ದಾಗ ಒಂದು ಮೆಸೇಜ್, ಎದ್ದಾಗ ಒಂದು ಮೆಸೇಜ್, ನಡುವೆ ಸುಮ್ಮನೆ. ಐದೈದು ನಿಮಿಷಕ್ಕೆ ಅದೇ ಮೆಸೇಜ್ ಬಂದ್ರೆ ಜನ ಗ್ರೂಪನ್ನು ಮ್ಯೂಟ್ ಮಾಡ್ತಾರೆ, ಆಮೇಲೆ ನಿಜವಾದ್ದೂ ಯಾರ ಕಣ್ಣಿಗೂ ಬೀಳುದಿಲ್ಲ.

ಸ್ಕ್ರಿಪ್ಟನ್ನು ವಿಂಡೋಸಿನ ಟಾಸ್ಕ್ ಶೆಡ್ಯೂಲರಲ್ಲಿ 5 ನಿಮಿಷಕ್ಕೊಮ್ಮೆ ಓಡುವ ಹಾಗೆ ಇಡಿ, ಲಾಗಿನ್ ಆಗದಿದ್ರೂ ಓಡುವ ಆಯ್ಕೆ ಮತ್ತು ಹೈಯೆಸ್ಟ್ ಪ್ರಿವಿಲೇಜ್ ಎರಡೂ ಟಿಕ್ ಮಾಡಿ. ಜೊತೆಗೆ ಇನ್ನೊಂದು ಟಾಸ್ಕ್, ಅದಕ್ಕೆ ಟ್ರಿಗರ್ ಆನ್ ಎನ್ ಇವೆಂಟ್, ಲಾಗ್ ಸಿಸ್ಟಮ್, ಸೋರ್ಸ್ ಡಬ್ಲ್ಯೂಎಎಸ್, ಇವೆಂಟ್ ಐಡಿ 5002. ಪದೇ ಪದೇ ಕ್ರ್ಯಾಶ್ ಆಗಿ ಪೂಲ್ ನಿಂತಾಗ ಬರುವ ಇವೆಂಟ್ ಅದು, 5 ನಿಮಿಷ ಕಾಯದೆ ಅದೇ ಕ್ಷಣ ಗೊತ್ತಾಗ್ತದೆ. ಪಾಸ್‌ವರ್ಡಿನ ಕೇಸಿಗೆ 5021, 5059 ಕೂಡ ಸೇರಿಸಿ. ಟಾಸ್ಕ್ ಶೆಡ್ಯೂಲರಲ್ಲಿ ಈಮೇಲ್ ಕಳಿಸುವ ಆಕ್ಷನ್ ಕಂಡ್ರೂ ಅದನ್ನು ನಂಬ್ಬೇಡಿ, ಸರ್ವರ್ 2012ರಿಂದಲೇ ಅದು ಡೆಪ್ರಿಕೇಟೆಡ್, ಅಂದ್ರೆ ಮೈಕ್ರೋಸಾಫ್ಟ್ ಕೈಬಿಟ್ಟದ್ದು.

ಪೂಲನ್ನು ಸ್ಕ್ರಿಪ್ಟೇ ತಿರುಗಿ ಸ್ಟಾರ್ಟ್ ಮಾಡ್ಲಿ ಅಂತ ತುಂಬ ಜನ ಹೇಳ್ತಾರೆ. ಒಂದು ಸಲ ಮಾಡ್ಲಿ, ತಪ್ಪಿಲ್ಲ, ಆದ್ರೆ ಮಾಡಿದ್ದನ್ನು ಮೆಸೇಜಲ್ಲಿ ಹೇಳ್ಬೇಕು. ಮತ್ತೆ ಬಿದ್ರೆ ಕೈ ಹಾಕ್ಬಾರ್ದು, ರೋಗ ಒಳಗೇ ಉಳೀತದೆ.

ಇಷ್ಟೆಲ್ಲ ಓಡುದು ಅದೇ ಸರ್ವರಲ್ಲಿ, ನಮ್ಮಲ್ಲಿ ಮಳೆ ಗಾಳಿಗೆ ಕರೆಂಟ್ ಹೋಗಿ ಯುಪಿಎಸ್ ಮುಗಿದ್ರೆ ಸರ್ವರೂ ಇಲ್ಲ ಅಲರ್ಟೂ ಇಲ್ಲ. ಅದಕ್ಕೆ ಹೊರಗೆ ಬೇರೆ ಮೆಷಿನಲ್ಲಿ ಸೈಟ್ ಕಾಯುವ ಅಪ್‌ಟೈಮ್ ಕುಮಾ ಅಂತ ಸಾಫ್ಟ್‌ವೇರ್ ಹಾಕಿ, ಫ್ರೀ ಸಿಗ್ತದೆ, ಹೊರಗಿಂದ ಪೇಜ್ ನೋಡ್ತದೆ, ಸೈಟಿನ ಎಚ್‌ಟಿಟಿಪಿಎಸ್ ಸರ್ಟಿಫಿಕೇಟಿನ ಅವಧಿ ಮುಗೀಲಿಕ್ಕೆ ಬಂದ್ರೂ ಹೇಳ್ತದೆ.

ಎಲ್ಲ ಆದ ಮೇಲೆ ಟೆಸ್ಟ್ ಮಾಡದೆ ಏಳ್ಬೇಡಿ. ಸೊಸೈಟಿ ರಜೆ ಇರುವ ಭಾನುವಾರ ಮಧ್ಯಾಹ್ನ, ಮೊದ್ಲೇ ಅವ್ರಿಗೆ ಹೇಳಿ, ಪೂಲನ್ನು ಕೈಯಾರೆ ಸ್ಟಾಪ್ ಮಾಡಿ ಗಡಿಯಾರ ನೋಡ್ತಾ ಕೂರಿ. ಎರಡು ಸಲ ಫೇಲ್ ಆಗ್ಬೇಕು, ಐದೈದು ನಿಮಿಷದ ಲೆಕ್ಕದಲ್ಲಿ ಹತ್ತು ನಿಮಿಷದ ಒಳಗೆ ಮೊಬೈಲ್ ಸದ್ದು ಮಾಡ್ಬೇಕು. ಮಾಡದಿದ್ರೆ ಟಾಸ್ಕಿನ ಹಿಸ್ಟರಿ ತೆಗೆದು ನೋಡಿ, ಹೆಚ್ಚಾಗಿ ಎಕ್ಸಿಕ್ಯೂಶನ್ ಪಾಲಿಸಿ, ಅಂದ್ರೆ ಯಾವ ಸ್ಕ್ರಿಪ್ಟ್ ಓಡ್ಬಹುದು ಅಂತ ಹೇಳುವ ಪವರ್‌ಶೆಲ್ ಸೆಟ್ಟಿಂಗ್, ಸ್ಕ್ರಿಪ್ಟನ್ನು ತಡೆದಿರ್ತದೆ.