ಕರಡಿಯ ಕೂದಲು ಎಣಿಸಲು ಬರುತ್ತದೆಯೇ? ದುಬಾರಿ ಬ್ರಿಡ್ಜ್ ಕ್ಯಾಮೆರಾ ಪರೀಕ್ಷಿಸುವ ಬಗೆ

ದರೋಜಿ ಕರಡಿಧಾಮದ ವೀಕ್ಷಣಾ ಗೋಪುರದಲ್ಲಿ ಕ್ಯಾಮೆರಾದ ಯೋಗ್ಯತೆ ಗೊತ್ತಾಗುವುದು ಸಂಜೆ ಐದೂವರೆಯ ಮೇಲೆ. ಪ್ರಾಣಿ ಕಡುಗಪ್ಪು, ಬಂಡೆ ಬಿಳುಚು. ನಡುವೆ ದೂರ, ಜೊತೆಗೆ ನಿಮಿಷ ನಿಮಿಷಕ್ಕೂ ಇಳಿಯುವ ಬೆಳಕು. ನಡುಮಧ್ಯಾಹ್ನದ ಬಿಸಿಲಲ್ಲಿ ಅಗ್ಗದ ಕ್ಯಾಮೆರಾವೂ ಚೆಂದದ ಚಿತ್ರವನ್ನೇ ಕೊಡುತ್ತದೆ. ದುಬಾರಿ ಬ್ರಿಡ್ಜ್ ಕ್ಯಾಮೆರಾಕ್ಕೆ ನಾವು ಹೆಚ್ಚಿಗೆ ತೆರುವ ದುಡ್ಡು ಈ ಕೊನೆಯ ಮುಕ್ಕಾಲು ತಾಸಿಗಾಗಿ. ಪೆಟ್ಟಿಗೆಯ ಮೇಲಿನ ಝೂಮ್ ಅಂಕಿಯನ್ನು ಬದಿಗಿಟ್ಟು, ಆ ಮುಕ್ಕಾಲು ತಾಸನ್ನೇ ಮನಸ್ಸಿನಲ್ಲಿಟ್ಟುಕೊಂಡು ಪರೀಕ್ಷೆ ಮಾಡಬೇಕು.

ಬ್ರಿಡ್ಜ್ ಕ್ಯಾಮೆರಾ ನೋಡಲು ಡಿಎಸ್‌ಎಲ್‌ಆರ್‌ನಂತೆ ಇರುತ್ತದೆ, ಆದರೆ ಲೆನ್ಸ್ ಬಿಚ್ಚಲು ಬರುವುದಿಲ್ಲ. ನಮ್ಮ ಕಡೆ ಇದೊಂದು ದೊಡ್ಡ ಅನುಕೂಲ. ಸಂಡೂರು ರಸ್ತೆಯ ಕೆಮ್ಮಣ್ಣಿನ ಧೂಳಿನಲ್ಲಿ ನಿಂತು ಲೆನ್ಸ್ ಬದಲಿಸುವ ಪ್ರಸಂಗವೇ ಬರುವುದಿಲ್ಲ. ಆದರೆ ಅದೇ ಕಾರಣಕ್ಕೆ, ಕೊಂಡ ಲೆನ್ಸ್ ಸರಿಯಿಲ್ಲದಿದ್ದರೆ ಬೇರೆ ಹಾಕಿಕೊಳ್ಳುವ ದಾರಿಯೂ ಇಲ್ಲ. ಆದ್ದರಿಂದ ಮಾಡೆಲ್ ಆರಿಸುವುದು ಅರ್ಧ ಕೆಲಸವಾದರೆ, ಕೈಗೆ ಬಂದ ಆ ಒಂದು ಕ್ಯಾಮೆರಾವನ್ನು ಪರೀಕ್ಷಿಸುವುದು ಇನ್ನರ್ಧ.

ಮೊದಲು ಲೆಕ್ಕ, ಆಮೇಲೆ ಅಂಗಡಿ

ಎರಡು ಸಂಗತಿ ನೋಡಿ: ಸೆನ್ಸರ್ (ಬೆಳಕನ್ನು ಚಿತ್ರವಾಗಿಸುವ ಒಳಗಿನ ಚಿಪ್) ಎಷ್ಟು ದೊಡ್ಡದು, ಲೆನ್ಸಿನ ಬೆಳಕಿನ ಬಾಯಿ ಎಷ್ಟು ಅಗಲ.

ಸೋನಿ ಆರ್‌ಎಕ್ಸ್10 ಮಾರ್ಕ್ 4, ಪ್ಯಾನಸೋನಿಕ್ ಎಫ್‌ಝಡ್1000 ಮಾರ್ಕ್ 2 ಮುಂತಾದವುಗಳಲ್ಲಿ ಇರುವುದು ‘ಒಂದು ಇಂಚಿನ’ ಸೆನ್ಸರ್. ಹೆಸರಿಗೆ ಒಂದು ಇಂಚು, ನಿಜ ಅಳತೆ 13.2 × 8.8 ಮಿ.ಮೀ. ನಿಕಾನ್ ಪಿ950, ಪಿ1000, ಕ್ಯಾನನ್ ಎಸ್‌ಎಕ್ಸ್70ರಲ್ಲಿರುವುದು 1/2.3 ಇಂಚಿನದು, ಸುಮಾರು 6.2 × 4.6 ಮಿ.ಮೀ. ವಿಸ್ತೀರ್ಣದಲ್ಲಿ ನಾಲ್ಕು ಪಟ್ಟು ವ್ಯತ್ಯಾಸ.

ಇನ್ನು ಬಾಯಿಯ ಅಗಲ. ಲೆನ್ಸಿನ ಮುಂಭಾಗದ ಬಳೆಯ ಮೇಲೆ ನಿಜವಾದ ಫೋಕಲ್ ಲೆಂಗ್ತ್ (ದೂರದ್ದನ್ನು ಎಷ್ಟು ಹತ್ತಿರ ತರುತ್ತದೆ ಎಂಬ ಮಿ.ಮೀ. ಅಂಕಿ) ಮತ್ತು ಎಫ್ ಅಂಕಿ (ಚಿಕ್ಕದಾದಷ್ಟೂ ಬೆಳಕು ಹೆಚ್ಚು) ಬರೆದಿರುತ್ತದೆ. ಫೋಕಲ್ ಲೆಂಗ್ತ್‌ನ ಕೊನೆಯ ಅಂಕಿಯನ್ನು ಕೊನೆಯ ಎಫ್ ಅಂಕಿಯಿಂದ ಭಾಗಿಸಿ. ಆರ್‌ಎಕ್ಸ್10 ಮಾರ್ಕ್ 4ರಲ್ಲಿ 220 ÷ 4 = 55 ಮಿ.ಮೀ. ಪಿ950ರಲ್ಲಿ 357 ÷ 6.5, ಅದೂ 55 ಮಿ.ಮೀ. ಬಾಯಿ ಎರಡರದ್ದೂ ಒಂದೇ, ಆದರೆ ಅದನ್ನು ಬಳಸಿಕೊಂಡ ಬಗೆ ಬೇರೆ. ಸೋನಿ, 35 ಮಿ.ಮೀ. ಫಿಲ್ಮ್ ಕ್ಯಾಮೆರಾದ ಲೆಕ್ಕದಲ್ಲಿ 600 ಮಿ.ಮೀ.ಗೆ ಸಮನಾದ ದೂರಕ್ಕೆ ನಿಂತು, ಬಂದ ಬೆಳಕನ್ನು ದೊಡ್ಡ ಸೆನ್ಸರಿಗೆ ಕೊಡುತ್ತದೆ. ನಿಕಾನ್ 2000 ಮಿ.ಮೀ.ಗೆ ಸಮನಾಗುವವರೆಗೆ ಹಿಗ್ಗಿ ಬೆಳಕನ್ನು ತೆಳುವಾಗಿಸುತ್ತದೆ. ಹಗಲು ಬೆಳಕಿನಲ್ಲಿ ಕೆರೆಯ ಆಚೆ ದಂಡೆಯ ಹಕ್ಕಿ, ರಾತ್ರಿಯ ಚಂದ್ರ ಇಷ್ಟೇ ನಿಮ್ಮ ಆಸೆಯಾದರೆ ಪಿ950 ಸಾಕು, ಹೆಚ್ಚು ದುಡ್ಡು ಸುರಿಯಬೇಡಿ. ಮಬ್ಬುಗತ್ತಲಲ್ಲಿ ಕರಡಿ, ಗಂಗಾವತಿ ಬಳಿಯ ಬಂಕಾಪುರದ ಕುರುಚಲಿನಲ್ಲಿ ತೋಳ ಎಂದಾದರೆ ಒಂದು ಇಂಚಿಗಿಂತ ಕೆಳಗೆ ಇಳಿಯಬೇಡಿ.

ಮುಸ್ಸಂಜೆಯ ಒಂದು ಹಂತದಲ್ಲಿ ಎಫ್/4, 1/500 ಸೆಕೆಂಡಿಗೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ; ಏರಿಸಿದಷ್ಟೂ ಚಿತ್ರ ಕೆಡುತ್ತದೆ) 800 ಬೇಕಾಯಿತು ಎನ್ನಿ. ಅದೇ ಬೆಳಕಿನಲ್ಲಿ ಎಫ್/6.5ಕ್ಕೆ ಐಎಸ್‌ಒ 2000 ಮುಟ್ಟಬೇಕಾಗುತ್ತದೆ, ಅದೂ ನಾಲ್ಕನೇ ಒಂದು ಭಾಗದಷ್ಟಿರುವ ಸೆನ್ಸರಿನ ಮೇಲೆ. ಕರಡಿಯ ಕೂದಲು ಡಾಂಬರು ಮೆತ್ತಿದಂತೆ ಕಾಣಲು ಇದೇ ಕಾರಣ.

‘ಅದೇ ದುಡ್ಡಿಗೆ ಲೆನ್ಸ್ ಬದಲಿಸುವ ಮಿರರ್‌ಲೆಸ್ ಕ್ಯಾಮೆರಾ ಬರುತ್ತದಲ್ಲ’ ಎಂಬ ಪ್ರಶ್ನೆಗೂ ಇದೇ ಲೆಕ್ಕ ಉತ್ತರ ಕೊಡುತ್ತದೆ. ಕ್ಯಾನನ್‌ನ ಹಗುರ 100-400 ಮಿ.ಮೀ. ಲೆನ್ಸಿನ ಕೊನೆಯ ಎಫ್ ಅಂಕಿ 8; 400 ÷ 8 = 50 ಮಿ.ಮೀ. ಕ್ಯಾನನ್‌ನದೇ ಎಪಿಎಸ್-ಸಿ (ಮಧ್ಯಮ ಗಾತ್ರದ ಸೆನ್ಸರಿನ) ಬಾಡಿಯ ಮೇಲೆ ಅದು 640 ಮಿ.ಮೀ.ಗೆ ಸಮ. ಅಂದರೆ ಝೂಮಿನ ದೂರದ ತುದಿಯಲ್ಲಿ ಬೆಳಕು ಹಿಡಿಯುವುದರಲ್ಲಿ ಒಳ್ಳೆಯ ಬ್ರಿಡ್ಜ್ ಕ್ಯಾಮೆರಾ ಅದಕ್ಕೇನೂ ಕಡಿಮೆಯಿಲ್ಲ. ಹಾರುವ ಹಕ್ಕಿಯ ಕಣ್ಣನ್ನು ಗುರುತಿಸಿ ಬೆನ್ನು ಹತ್ತುವುದರಲ್ಲಿ ಮಾತ್ರ ಹೊಸ ಮಿರರ್‌ಲೆಸ್‌ಗಳು ಮುಂದಿವೆ. ಮುಂದೆ ಇನ್ನೂ ದೊಡ್ಡ ಲೆನ್ಸಿಗೆ ಏರುವ ಯೋಚನೆ ಇದ್ದವರೂ ಆ ಕಡೆಗೇ ಹೋಗುವುದು ಒಳಿತು.

ಪತ್ರಿಕೆಯ ಹಾಳೆಯೇ ಪರೀಕ್ಷಾ ಪಟ

ಲೆನ್ಸಿನ ಚುರುಕು ನೋಡಲು ಕನ್ನಡ ಪತ್ರಿಕೆಗಿಂತ ಒಳ್ಳೆಯ ಪಟ ಸಿಗುವುದು ಕಷ್ಟ. ದ ಮತ್ತು ಧ, ಬ ಮತ್ತು ಭ, ಪ ಮತ್ತು ಫ ನಡುವಿನ ವ್ಯತ್ಯಾಸ ಬುಡದ ಒಂದು ಸಣ್ಣ ಸೀಳು ಮಾತ್ರ. ಆ ಸೀಳು ಬಿಡಿಸಿ ಕಂಡರೆ ಲೆನ್ಸ್ ಚುರುಕಾಗಿದೆ, ಮುಚ್ಚಿಕೊಂಡರೆ ಮೊಂಡು. ಒತ್ತಕ್ಷರಗಳ ಸಣ್ಣ ಸುರುಳಿಗಳೂ ಹೀಗೆಯೇ ಉಪಯೋಗಕ್ಕೆ ಬರುತ್ತವೆ.

ಬೇಕಾಗುವುದು: ಐದು ಹಾಳೆ, ಅಂಟುಪಟ್ಟಿ, ಟ್ರೈಪಾಡ್, ಅಂಗೈಯಗಲದ ಕನ್ನಡಿ, ನಿಮ್ಮದೇ ಮೆಮೊರಿ ಕಾರ್ಡ್. ಗೋಡೆಗೆ ನಡುವೆ ಒಂದು, ನಾಲ್ಕು ಮೂಲೆಗೆ ಒಂದೊಂದು ಹಾಳೆಯನ್ನು ಸುಕ್ಕಿಲ್ಲದೆ ಅಂಟಿಸಿ. ನಡುಹಾಳೆಯ ಮೇಲೆ ಕನ್ನಡಿಯನ್ನು ಗೋಡೆಗೆ ಚಪ್ಪಟೆಯಾಗಿ ಹಿಡಿದು ವ್ಯೂಫೈಂಡರಿನಲ್ಲಿ ನೋಡಿ. ಲೆನ್ಸಿನ ಪ್ರತಿಬಿಂಬ ಚೌಕಟ್ಟಿನ ನಟ್ಟನಡುವೆ ಕಂಡರೆ ಕ್ಯಾಮೆರಾ ಗೋಡೆಗೆ ನೇರವಾಗಿದೆ ಎಂದರ್ಥ. ಈ ಹೆಜ್ಜೆ ಬಿಟ್ಟರೆ ಮುಂದಿನದೆಲ್ಲ ಸುಳ್ಳಾಗುತ್ತದೆ.

ಐಎಸ್‌ಒ 100, ರಾ (ಕ್ಯಾಮೆರಾ ತಿದ್ದದ ಕಚ್ಚಾ ಕಡತ) ಮತ್ತು ಜೆಪೆಗ್ ಎರಡೂ, 2 ಸೆಕೆಂಡಿನ ಟೈಮರ್, ಸ್ಟೆಬಿಲೈಸೇಷನ್ (ಕೈ ನಡುಕ ತಡೆಯುವ ವ್ಯವಸ್ಥೆ) ಬಂದ್. ಇನ್ನು ದೂರ. 24 ಮಿ.ಮೀ.ನಲ್ಲಿ (ಇಲ್ಲಿನ ಝೂಮ್ ಅಂಕಿಗಳೆಲ್ಲ ‘ಸಮನಾದ’ ಲೆಕ್ಕದವು) ಒಂದೂವರೆ ಮೀಟರ್ ದೂರ ನಿಂತರೆ ಸುಮಾರು 2.25 × 1.5 ಮೀಟರ್ ಗೋಡೆ ಚೌಕಟ್ಟಿಗೆ ಬರುತ್ತದೆ. ಇಲ್ಲಿ ಸಣ್ಣಕ್ಷರ ಓದಲು ಹೋಗಬೇಡಿ, ಉಪಶೀರ್ಷಿಕೆಗಳ ಅಕ್ಷರ ನೋಡಿ. 200 ಮಿ.ಮೀ.ಗೆ 4 ಮೀಟರ್, 600 ಮಿ.ಮೀ.ಗೆ 10 ಮೀಟರ್. ಈ ಎರಡರಲ್ಲಿ ಬಿಡಿಸಿಟ್ಟ ಒಂದು ಜೋಡಿ ಪುಟವೇ ಚೌಕಟ್ಟು ತುಂಬುತ್ತದೆ, ಸುದ್ದಿಯ ಸಣ್ಣಕ್ಷರವನ್ನೇ ಓದಬಹುದು. 10 ಮೀಟರಿನಲ್ಲಿ 20 ಮೆಗಾಪಿಕ್ಸೆಲ್ ಚಿತ್ರದ ಒಂದು ಪಿಕ್ಸೆಲ್ ಹಾಳೆಯ ಮೇಲೆ ಸುಮಾರು 0.11 ಮಿ.ಮೀ. ಆಗುತ್ತದೆ. ಮಹಾಪ್ರಾಣದ ಸೀಳು ಎರಡು ಮೂರು ಪಿಕ್ಸೆಲ್‌ಗಳಲ್ಲಿ ಬಂದು ಕೂರಬೇಕು, ಪರೀಕ್ಷೆಗೆ ಸರಿಯಾದ ಕಷ್ಟ ಅದು.

ಪ್ರತಿ ದೂರದಲ್ಲೂ ಪೂರ್ತಿ ತೆರೆದ ಎಫ್ ಅಂಕಿ, ಆಮೇಲೆ 5.6, 8, 11ರಲ್ಲಿ ತೆಗೆಯಿರಿ. ಎಫ್/8 ದಾಟಿದ ಮೇಲೆ ಇಡೀ ಚಿತ್ರ ಮೆತ್ತಗಾಗುವುದು ದೋಷವಲ್ಲ. ಸಣ್ಣ ದ್ವಾರದಲ್ಲಿ ನುಸುಳುವ ಬೆಳಕು ಹರಡಿಕೊಳ್ಳುತ್ತದೆ, ಸಣ್ಣ ಸೆನ್ಸರಿನಲ್ಲಿ ಅದು ಬೇಗ ಕಣ್ಣಿಗೆ ಬೀಳುತ್ತದೆ. ದೂರದ ತುದಿಯಲ್ಲಿ ಎಫ್/4ಕ್ಕೂ 5.6ಕ್ಕೂ ಅಜಗಜಾಂತರವಿದ್ದರೆ ಮಾತ್ರ ಯೋಚಿಸಬೇಕು, ಸಂಜೆಯ ಹೊತ್ತಿನಲ್ಲಿ ನಿಮಗೆ ದಕ್ಕುವುದು ಆ ಎಫ್/4 ಒಂದೇ.

ಮೂಲೆಗಳನ್ನು ನೋಡುವುದರಲ್ಲೇ ಹೆಚ್ಚಿನವರು ಎಡವುತ್ತಾರೆ. ನಾಲ್ಕೂ ಮೂಲೆ ಒಂದೇ ಸಮ ಮೆತ್ತಗಿದ್ದರೆ ಅದು ಆ ಮಾಡೆಲಿನ ಗುಣ. ಒಂದೇ ಮೂಲೆ ಅಥವಾ ಒಂದೇ ಬದಿ ಮಸುಕಾದರೆ ಒಳಗಿನ ಗಾಜು ವಾಲಿರಬಹುದು. ಖಚಿತ ಮಾಡಿಕೊಳ್ಳಲು ಕ್ಯಾಮೆರಾವನ್ನು ತಲೆಕೆಳಗು ಹಿಡಿದು ಮತ್ತೊಂದು ಚಿತ್ರ ತೆಗೆಯಿರಿ. ಮಸುಕು ಈಗ ಗೋಡೆಯ ಎದುರು ಬದಿಗೆ ಹೋಗಿದ್ದರೆ ತಪ್ಪು ಲೆನ್ಸಿನದು, ಆ ಕ್ಯಾಮೆರಾ ಬೇಡ. ಗೋಡೆಯ ಅದೇ ಬದಿಯಲ್ಲಿ ಉಳಿದಿದ್ದರೆ ನೀವು ನೇರ ನಿಲ್ಲಿಸಿರಲಿಲ್ಲ.

ಕಪ್ಪು ಕಂಬಳಿ

ಕರಡಿಯ ಬದಲಿಗೆ ಕರಿ ಕಂಬಳಿ ಸಾಕು. ಕುರಿ ಉಣ್ಣೆಯ ಒರಟು ಎಳೆ, ನೆರಳಿನೊಳಗೆ ನೆರಳು. ಐಎಸ್‌ಒ ಪರೀಕ್ಷೆಗೆ ಇದಕ್ಕಿಂತ ಬೇರೆ ಬೇಕಿಲ್ಲ. ಸಂಜೆ ಪಡಸಾಲೆಯಲ್ಲಿ ಹರವಿ, ಪಕ್ಕದಲ್ಲಿ ಒಂದು ಬಿಳಿ ಕಲ್ಲು ಇಡಿ. ಟ್ರೈಪಾಡ್ ಮೇಲೆ 100, 400, 800, 1600, 3200, 6400ರಲ್ಲಿ ಒಂದೊಂದು ತೆಗೆಯಿರಿ.

ಐಎಸ್‌ಒ ಏರಿದಂತೆ ಚಿತ್ರದ ತುಂಬ ಏಳುವ ಚುಕ್ಕೆ ಎಷ್ಟು ಬಂದಿವೆ ಎಂಬುದಕ್ಕಿಂತ ಉಣ್ಣೆಯ ಎಳೆ ಯಾವ ಅಂಕಿಯಲ್ಲಿ ಕಲಸಿ ಹೋಯಿತು ಎಂದು ನೋಡಿ. ಜೆಪೆಗ್‌ನಲ್ಲಿ ಕ್ಯಾಮೆರಾ ಚುಕ್ಕೆಗಳನ್ನು ಒರೆಸುವ ಭರದಲ್ಲಿ ಎಳೆಯನ್ನೂ ಒರೆಸಿಬಿಡುತ್ತದೆ. ರಾ ಕಡತದಲ್ಲಿ ಎಳೆ ಉಳಿದಿರುತ್ತದೆ, ಚುಕ್ಕೆಗಳನ್ನು ಆಮೇಲೆ ಹದವಾಗಿ ತಗ್ಗಿಸಬಹುದು. ಒಂದು ಇಂಚಿನ ಸೆನ್ಸರ್ ಸಾಮಾನ್ಯವಾಗಿ 1600ರವರೆಗೆ ನೆಮ್ಮದಿಯಿಂದ, ರಾದಲ್ಲಿ ಶ್ರಮವಹಿಸಿದರೆ 3200ರವರೆಗೂ ನಡೆಯುತ್ತದೆ. 1/2.3 ಇಂಚಿನದು 800 ದಾಟಿದರೆ ಹಿಟ್ಟು ಕಲಸಿದಂತೆ ಆಗತೊಡಗುತ್ತದೆ. ರಾ ಬಳಸುವುದೇ ಇಲ್ಲ ಎನ್ನುವವರಿಗೆ ದುಬಾರಿ ಮಾಡೆಲಿನ ಬೆಲೆಯ ಒಂದು ಪಾಲು ವ್ಯರ್ಥವೇ.

ಬಿಳಿ ಕಲ್ಲು ಇರುವುದು ಎಕ್ಸ್‌ಪೋಷರ್‌ಗಾಗಿ. ಕಪ್ಪು ಚೌಕಟ್ಟು ತುಂಬಿದರೆ ಕ್ಯಾಮೆರಾ ಅದನ್ನು ಬೂದು ಮಾಡಲು ಹೋಗಿ ಕಲ್ಲನ್ನು ವಿವರವೇ ಉಳಿಯದಷ್ಟು ಬಿಳಿ ಮಾಡಿಬಿಡುತ್ತದೆ, ಕಾಂಪೆನ್ಸೇಷನ್ (ಚಿತ್ರದ ಬೆಳಕು ಹೆಚ್ಚು ಕಡಿಮೆ ಮಾಡುವ ಅಂಕಿ) −0.7ಕ್ಕೆ ಇಳಿಸಿ. ಬಂಡೆಗಳ ನಡುವೆ ಕರಡಿ ಚಿಕ್ಕದಾಗಿ ಕಂಡಾಗ ಇದರ ಉಲ್ಟಾ, ಪ್ರಾಣಿ ಬರೀ ಕರಿ ಮುದ್ದೆಯಾಗುತ್ತದೆ. ಆಗ +0.3.

ಫೋಕಸ್, ಕೈ ನಡುಕ

ಹಾಳೆಗೆ ಹತ್ತು ಸಲ ಹೊಸದಾಗಿ ಫೋಕಸ್ ಮಾಡಿ ತೆಗೆಯಿರಿ. ಪ್ರತಿ ಸಲವೂ ನಡುವೆ ಬೇರೆ ಕಡೆ ತಿರುಗಿಸಿ ಬನ್ನಿ. ಒಂಬತ್ತಾದರೂ ಚುರುಕಾಗಿರಬೇಕು. ನಂತರ ಬಳ್ಳಾರಿ ಜಾಲಿಯ ಪೊದೆ ಹುಡುಕಿ, ಅದರ ಹಿಂದಿನ ಯಾವುದಾದರೂ ವಸ್ತುವಿಗೆ ಫೋಕಸ್ ಮಾಡಿ. ದೊಡ್ಡ ಫೋಕಸ್ ಚೌಕದಲ್ಲಿ ಕ್ಯಾಮೆರಾ ಮುಳ್ಳುಕಡ್ಡಿಗೇ ಜೋತುಬೀಳುತ್ತದೆ. ಅತಿ ಸಣ್ಣ ಚೌಕ ಆರಿಸಿದಾಗಲೂ ಸಿಗದಿದ್ದರೆ ಹೊಲಗಾಡಿನಲ್ಲಿ ಅದು ನಿಮ್ಮನ್ನು ಸತಾಯಿಸುತ್ತದೆ. ಆರ್‌ಎಕ್ಸ್10 ಮಾರ್ಕ್ 4ರ ಲೆನ್ಸಿನ ಮೇಲೆ 3 ಮೀಟರಿಗಿಂತ ಹತ್ತಿರದ್ದನ್ನು ಹುಡುಕದಂತೆ ತಡೆಯುವ ಸ್ವಿಚ್ಚಿದೆ, ದೂರದ ಪ್ರಾಣಿಗೆ ಅದನ್ನು ಹಾಕಿಡಿ. ಅದೇ ಜಾಲಿಯ ಕೊಂಬೆಗಳನ್ನು ಆಕಾಶದೆದುರು ತೆಗೆದರೆ ಅಂಚಿನಲ್ಲಿ ಲೆನ್ಸಿನ ದೋಷದಿಂದ ಮೂಡುವ ನೇರಳೆ ಬಣ್ಣವೂ ಗೊತ್ತಾಗುತ್ತದೆ.

ಸ್ಟೆಬಿಲೈಸೇಷನ್ ಚಾಲೂ ಮಾಡಿ, ಟ್ರೈಪಾಡ್ ಬಿಟ್ಟು, 600ರಲ್ಲಿ 1/500, 1/250, 1/125, 1/60ಕ್ಕೆ ಹತ್ತತ್ತು ಚಿತ್ರ. 1/125ರಲ್ಲಿ ಹತ್ತಕ್ಕೆ ಏಳು ಚುರುಕಾಗಿದ್ದರೆ ತೃಪ್ತಿಪಡಬಹುದು. ಮಾರ್ಕ್ 4ರ ತೂಕ ಸುಮಾರು 1.1 ಕಿಲೋ, ಕೈ ಸೋಲುವ ಮುನ್ನವೇ ಮುಗಿಸಿ.

ಬಿಸಿಲ ಝಳ ಮಾಡುವ ಮೋಸ

ಅಂಗಡಿಯ ಬಾಗಿಲಲ್ಲಿ ನಿಂತು ಬಳ್ಳಾರಿ ಗುಡ್ಡದ ಕೋಟೆಗೋಡೆಗೆ ಝೂಮ್ ಹಾಕಿ ‘ಮಸುಕು’ ಎಂದು ತೀರ್ಪು ಕೊಡುವವರು ಬಹಳ. ಕೊಪ್ಪಳದ ಕೋಟೆಗೂ ರಾಯಚೂರಿನ ಬಯಲಿಗೂ ಇದೇ ಮಾತು. ಮಾರ್ಚ್‌ನಿಂದ ಮೇವರೆಗೆ ಬೆಳಗಿನ ಒಂಬತ್ತು ದಾಟಿದ ಮೇಲೆ ಕಾದ ನೆಲ, ಬಂಡೆ, ಡಾಂಬರಿನಿಂದ ಏಳುವ ಬಿಸಿಗಾಳಿ ಬೆಳಕನ್ನು ಅಲುಗಿಸುತ್ತದೆ. ನೂರು ಮೀಟರಿನಾಚೆಗೆ ಎಂಥ ಲೆನ್ಸೂ ಅದನ್ನು ಗೆಲ್ಲಲಾರದು. ಪತ್ತೆ ಸುಲಭ: ಒಂದೇ ದೃಶ್ಯವನ್ನು ಬರ್ಸ್ಟ್‌ನಲ್ಲಿ (ಗುಂಡಿ ಒತ್ತಿ ಹಿಡಿದು ಒಂದರ ಹಿಂದೊಂದು) ಹತ್ತು ಸಲ ತೆಗೆಯಿರಿ. ಒಂದೊಂದರಲ್ಲೂ ಗೆರೆ ಬೇರೆ ಬೇರೆ ಕಡೆ ಸೊಟ್ಟಗಾಗಿದ್ದರೆ ಗಾಳಿಯ ಕೆಲಸ. ಹತ್ತೂ ಒಂದೇ ರೀತಿ ಮಸುಕಾದರೆ ಫೋಕಸ್ ಅಥವಾ ಲೆನ್ಸಿನದು. ದೂರದ ಪರೀಕ್ಷೆಯನ್ನು ಹೊತ್ತು ಹುಟ್ಟಿದ ಮೊದಲ ತಾಸಿನಲ್ಲಿ ಮಾಡಿ. ಕಾರಿನ ಕಿಟಕಿಯಿಂದ ತೆಗೆಯುವಾಗ ಎಸಿ ಆರಿಸಿ, ಗಾಜು ಇಳಿಸಿ, ಐದು ನಿಮಿಷ ಕಾಯಿರಿ; ಒಳಗಿನ, ಹೊರಗಿನ ಗಾಳಿ ಬೆರೆಯುವಾಗಲೂ ಇದೇ ಮಸುಕು ಬರುತ್ತದೆ.

ಸೆಕೆಂಡ್ ಹ್ಯಾಂಡ್ ಆದರೆ

ಝೂಮ್ ಮುಂದೆ ಹಿಂದೆ ಆದಾಗಲೆಲ್ಲ ಲೆನ್ಸ್ ಗಾಳಿಯನ್ನು ಎಳೆದು ಬಿಡುತ್ತದೆ, ಅದರ ಜೊತೆ ಧೂಳೂ ಒಳಹೋಗುತ್ತದೆ. ಹತ್ತು ಸಲ ಪೂರ್ತಿ ಝೂಮ್ ಮಾಡಿ, ಆಮೇಲೆ ಬಿಳಿ ಗೋಡೆಯನ್ನು ಫೋಕಸ್ ತಪ್ಪಿಸಿ ಅತಿ ಸಣ್ಣ ದ್ವಾರದಲ್ಲಿ, ಝೂಮಿನ ಎರಡೂ ತುದಿಯಲ್ಲಿ ತೆಗೆಯಿರಿ. ಒಂದೇ ಜಾಗದಲ್ಲಿ ಅಲುಗದೆ ಉಳಿಯುವ ಕಪ್ಪು ಚುಕ್ಕೆ ಸೆನ್ಸರಿನ ಮೇಲಿನ ಧೂಳು. ಝೂಮಿನೊಂದಿಗೆ ಗಾತ್ರ ಬದಲಿಸಿದರೆ ಲೆನ್ಸಿನೊಳಗಿನದು. ಬಿಚ್ಚಲು ಬಾರದ ಲೆನ್ಸಾದ್ದರಿಂದ ಸೆನ್ಸರ್ ಒರೆಸಲು ಇಡೀ ಕ್ಯಾಮೆರಾವನ್ನು ಕಳಚಬೇಕು. ಆ ಖರ್ಚನ್ನು ಬೆಲೆಯಲ್ಲಿ ಮುರಿದುಕೊಳ್ಳಿ. ಕರಾವಳಿ, ಮಲೆನಾಡಿನಿಂದ ಬಂದ ಕ್ಯಾಮೆರಾ ಆದರೆ ಲೆನ್ಸಿನೊಳಗೆ ಟಾರ್ಚ್ ಬಿಟ್ಟು ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಅದು ಬೂಸ್ಟು, ಬೆಲೆ ಎಷ್ಟೇ ಇಳಿದರೂ ಬೇಡ. ಬ್ಯಾಟರಿ ಸಲೀಸಾಗಿ ಜಾರಿ ಹೊರಬರದಿದ್ದರೆ ಉಬ್ಬಿರಬಹುದು.

ಬೆಲೆಗೆ ತಕ್ಕುದೇ?

ಆರ್‌ಎಕ್ಸ್10 ಮಾರ್ಕ್ 4 ಹೊರಬಂದದ್ದು 2017ರಲ್ಲಿ, ಅಮೆರಿಕದ ಆಗಿನ ಬೆಲೆ ಸುಮಾರು 1,700 ಡಾಲರ್. ಅಷ್ಟು ಹಳೆಯ ಯಂತ್ರಕ್ಕೆ ಹೊಸದರ ಬೆಲೆ ಕೊಡುವಾಗ ಕೊರತೆಗಳನ್ನೂ ತಿಳಿದಿರಬೇಕು: ಹಳೆಯ ಮೈಕ್ರೊ ಯುಎಸ್‌ಬಿ ಕಿಂಡಿ, ವೇಗದ ಯುಎಚ್‌ಎಸ್-2 ಕಾರ್ಡಿನ ಲಾಭವಿಲ್ಲ, ಬರ್ಸ್ಟ್ ಹೊಡೆದ ಮೇಲೆ ಕಾರ್ಡಿಗೆ ಬರೆಯುವವರೆಗೆ ಕಾಯಬೇಕು. ಕ್ಯಾಮೆರಾದ ಬೆಲೆಗೆ ಎರಡು ಹೆಚ್ಚುವರಿ ಬ್ಯಾಟರಿ (ಒಂದರಲ್ಲಿ ಸುಮಾರು 400 ಚಿತ್ರ), 72 ಮಿ.ಮೀ.ನ ಯುವಿ ಫಿಲ್ಟರ್, ಧೂಳು ನುಗ್ಗದ ಚೀಲ, ಒಂದು ಮೊನೊಪಾಡ್ ಸೇರಿಸಿಯೇ ಒಟ್ಟು ಕೂಡಿಸಿ. ಮಿರರ್‌ಲೆಸ್ ಜೊತೆ ಹೋಲಿಸುವಾಗ ಅದರ ಬಾಡಿಯ ಜೊತೆ 24 ಮಿ.ಮೀ.ನಿಂದ ಶುರುವಾಗುವ ಲೆನ್ಸ್, ದೂರದ ಲೆನ್ಸ್ ಎರಡನ್ನೂ ಲೆಕ್ಕಕ್ಕೆ ಹಿಡಿಯಿರಿ. ವಾರಂಟಿ ಮುಗಿದ ಹಳೆಯದಕ್ಕೆ ಹೊಸದರ ಅರವತ್ತು ಪ್ರತಿಶತಕ್ಕಿಂತ ಹೆಚ್ಚು ಕೊಡುವುದು ಸರಿಯಲ್ಲ. ಹೊಸದಾದರೆ ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ ಮತ್ತು ಭಾರತದ ವಾರಂಟಿ ಕಾರ್ಡ್ ಇಲ್ಲದೆ ದುಡ್ಡು ಎಣಿಸಬೇಡಿ. ವಾಪಸು ಅವಧಿ ಎಷ್ಟು ದಿನ, ಹಣ ಮರಳುತ್ತದೋ ಬರೀ ಬದಲಿ ಕೊಡುತ್ತಾರೋ ಎಂದು ಮೊದಲೇ ಕೇಳಿ, ಆ ಅವಧಿಯೊಳಗೆ ಹಾಳೆಯ ಪರೀಕ್ಷೆ ಮುಗಿಸಿ.

ಆ ದಿನದ ರಾ ಕಡತಗಳನ್ನು ಅಳಿಸದೆ, ನಿಂತ ದೂರವನ್ನು ಬರೆದು ಒಂದು ಫೋಲ್ಡರಿನಲ್ಲಿಡಿ. ಕ್ಯಾಮೆರಾ ಎಂದಾದರೂ ಬಂಡೆಯ ಮೇಲೆ ಬಿದ್ದರೆ ಅದೇ ಗೋಡೆಗೆ, ಅದೇ ದೂರದಿಂದ ಮತ್ತೆ ತೆಗೆದು ಪಕ್ಕಪಕ್ಕ ಇಟ್ಟು ನೋಡಬಹುದು. ಸರ್ವಿಸ್ ಸೆಂಟರಿನಲ್ಲಿ ತೋರಿಸಲೂ ಅದೇ ಜೋಡಿ ಚಿತ್ರ ಬೇಕಾಗುತ್ತದೆ.