ಗುಜರಿ ಮಂಚದ ಕಪಾಟು: ನನ್ನ ಅನುಭವ

ಕಸೂತಿ, ಕೌದಿ (ಬಟ್ಟೆಯ ತುಂಡು ಕೂಡಿಸಿ ಹೊಲಿದ ಹೊದಿಕೆ), ಗುಳೇದಗುಡ್ಡ ಖಣದ (ರವಿಕೆ ಬಟ್ಟೆಯ) ಚೀಲ ಮೂರನ್ನೂ ಒಂದೇ ಕೋಣೆಯಲ್ಲಿ ಮಾಡುವವರಿಗೆ ಇದನ್ನು ಬರೆಯುತ್ತಿದ್ದೇನೆ. ನಮ್ಮದು ಬಾಗಲಕೋಟೆ ನವನಗರದಲ್ಲಿ ಬಾಡಿಗೆ ಮನೆ. ಕೆಲಸದ ಕೋಣೆ ಹೆಚ್ಚೆಂದರೆ 8 ಅಡಿ ಅಗಲ, 10 ಅಡಿ ಉದ್ದ. ಗೋಡೆಗೆ ಮೊಳೆ ಹೊಡೆಯುವ ಹಾಗಿಲ್ಲ. ಪ್ಲೈವುಡ್ ಕಪಾಟಿಗೆ ಬಡಿಗೇರರು ಸುಮಾರು 14,000 ರೂಪಾಯಿ ಅಂದರು. ಗುಜರಿಯ ಹಳೆ ಮಂಚವನ್ನೇ ಕಪಾಟು ಮಾಡಿಕೊಂಡ ನನಗೆ ಎಲ್ಲ ಸೇರಿ 2,000ದ ಒಳಗೇ ಮುಗಿಯಿತು, ಅದೂ ಸಾಗಾಣಿಕೆ ಹಿಡಿದು.

ಅದಕ್ಕೂ ಮೊದಲು ಸುರಿದ ದುಡ್ಡು ಬೇರೆ ಇದೆ. ಬಾಗಿಲಿಗೆ ತೂಗುಹಾಕುವ ಚಪ್ಪಲಿ ಜೇಬುಗಳು ಮೂರೇ ತಿಂಗಳಲ್ಲಿ ಹರಿದವು. ಬೇಕರಿ ಭರಣಿಗಳು ನೋಡಲು ಚಂದ, ಆದರೆ ಒಂದು ಎಳೆ ದಾರಕ್ಕೂ ಮುಚ್ಚಳ ತಿರುವುತ್ತ ಕೂತರೆ ಕೆಲಸ ಯಾವಾಗ? ರಟ್ಟಿನ ಪೆಟ್ಟಿಗೆಗಳಿಗೆ ಮಳೆಗಾಲದಲ್ಲಿ ಗೆದ್ದಲು ಹತ್ತಿತು. ಈ ಬಾಬತ್ತಿಗೇ ಸಾವಿರದೈನೂರು ಹೋಗಿರಬೇಕು.

ಕೆಲಸದ ಕೋಣೆ ಜೋಡಿಸುವುದನ್ನು ತೋರಿಸುವ ವಿಡಿಯೋಗಳಲ್ಲಿ ಬರುವ ಕೋಣೆಗಳೆಲ್ಲ ಕುರ್ಚಿ ಮೇಜಿನವರ ಕೋಣೆಗಳು. ನಾವು ನೆಲದ ಮೇಲೆ ಕೂಡುವವರು. ಕೂತಲ್ಲಿಂದ ಕೈ ಚಾಚಿದರೆ ನನಗೆ ಎಟುಕುವುದು ಮೂರು, ಮೂರೂವರೆ ಅಡಿ. ಅದಕ್ಕಿಂತ ಮೇಲೆ ಇಟ್ಟ ಸಾಮಾನು ಇದ್ದೂ ಇಲ್ಲದ ಹಾಗೆ. ಅಳತೆ ಹೀಗೆ ಸಿಕ್ಕ ಮೇಲೆ ಗುಜರಿ ಅಂಗಡಿಯಲ್ಲಿ ಕಬ್ಬಿಣದ ನವಾರು ಮಂಚ ಕಣ್ಣಿಗೆ ಬಿತ್ತು. ಆರಡಿ ಉದ್ದ, ಮೂರಡಿ ಅಗಲ. ತೂಕದ ಮೇಲೆ ಸುಮಾರು 650 ರೂಪಾಯಿ ಕೊಟ್ಟೆ.

ಮಂಚವನ್ನು ಉದ್ದದ ಮಗ್ಗುಲಿಗೆ ಗೋಡೆಗೆ ಒರಗಿಸಿ ನಿಲ್ಲಿಸಬೇಕು, ಕಾಲುಗಳು ನಮ್ಮ ಕಡೆಗೆ. ಕೆಳಗಿನ ಎರಡು ಕಾಲು ನೆಲಕ್ಕೆ ಕೂತು ಮುಂದೆ ಬೀಳದಂತೆ ಹಿಡಿಯುತ್ತವೆ. ಮೇಲಿನ ಎರಡು ಕಾಲಿಗೆ ಅಡ್ಡ ಪೈಪು ಕಟ್ಟಿದರೆ ತೂಗುಹಾಕಲು ಜಾಗ. ವೈರಿಂಗಿನ ಪಿವಿಸಿ ಪೈಪು ಒಂದೇ ವಾರಕ್ಕೆ ನಡು ಬಗ್ಗಿತು, ಹಳೆಯ ಅರ್ಧ ಇಂಚಿನ ನಲ್ಲಿ ಪೈಪು ನಿಂತಿತು. ನಿಲ್ಲಿಸುವ ಮೊದಲು ರೆಡ್ ಆಕ್ಸೈಡ್ ಬಳಿಯಲೇಬೇಕು, ಬಿಳಿ ಬಟ್ಟೆಗೆ ಹತ್ತಿದ ತುಕ್ಕು ಯಾವ ಸೋಪಿಗೂ ಹೋಗುವುದಿಲ್ಲ. ನವಾರು ಹೊಸದಾಗಿ ಹೆಣೆದೆ. ಪಟ್ಟಿಗಳ ನಡುವೆ ಕತ್ತರಿ, ಬಟ್ಟೆ ಬಿಗಿಯುವ ರಿಂಗು, ಟೇಪು, ಸ್ಕೇಲು ಸಿಕ್ಕಿಸಿದರೆ ಜೋತು ಬೀಳದಂತೆ ಒಂದು ಹೆಣಿಗೆ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ನೋಡಬೇಕೆಂದವರು ಮನೆಗೆ ಬರಲಿ.

ಅತ್ತೆಯವರು ನೋಡಿ, "ಮಂಚಾ ಗ್ವಾಡಿಗೆ ನಿಲ್ಲಿಸಿ, ಮಲಗೋದು ಎಲ್ಲೆವ್ವಾ?" ಅಂದಿದ್ದರು. ಈಗ ಅವರ ಜಪಮಾಲೆ, ಕನ್ನಡಕ ಎರಡೂ ಅಲ್ಲೇ ತೂಗುತ್ತವೆ.

ಪೈಪಿಗೆ ತೂಗುಹಾಕಿರುವುದು ಲಗ್ನದಲ್ಲಿ ಕೊಟ್ಟ ತಾಂಬೂಲದ ಚೀಲಗಳು. ಒಂದು ಗಿರಾಕಿಗೆ ಒಂದು ಚೀಲ: ಬಟ್ಟೆ, ನಕ್ಷೆ ಕಾಗದ, ಆ ಕೆಲಸದ ದಾರ, ಮುಂಗಡದ ಚೀಟಿ ಎಲ್ಲ ಒಂದೇ ಕಡೆ. ದಾರದ ಲಡಿಗೆ ಸುತ್ತಿದ ಕಾಗದ ಕಳೆದರೆ ಬಣ್ಣದ ನಂಬರೂ ಹೋಯಿತು. ಕಸೂತಿಯಲ್ಲಿ ಹಾಕುವ ತೇರಿನ ಚಿತ್ರದ ಅರ್ಧ ಒಂದು ಕೆಂಪು, ಅರ್ಧ ಇನ್ನೊಂದು ಕೆಂಪಾದರೆ ಗಿರಾಕಿ ಸುಮ್ಮನಿರುತ್ತಾರೆಯೇ? ಹಳೆ ಲಗ್ನಪತ್ರಿಕೆ ಬೆರಳುದ್ದ ಕತ್ತರಿಸಿ, ಎರಡೂ ಕಡೆ ಕಚ್ಚು ಹಾಕಿ, ನಂಬರು ಬರೆದು ದಾರ ಸುತ್ತಿಡುತ್ತೇನೆ. ಖರ್ಚು ಸೊನ್ನೆ.

ಕೌದಿಯ ತುಂಡುಗಳನ್ನು ಬಣ್ಣದ ಮೇಲೆ ಬೇರೆ ಮಾಡುವವರಿದ್ದಾರೆ. ನನಗದು ಸರಿಬರಲಿಲ್ಲ. ಹತ್ತಿ ಒಂದು ಕಡೆ, ಜಾರುವ ಬಟ್ಟೆ ಒಂದು ಕಡೆ, ಆಮೇಲೆ ಗೇಣಿಗಿಂತ ದೊಡ್ಡದು, ಚಿಕ್ಕದು. ಇಷ್ಟು ಸಾಕು.

ನಡುವೆ ಒಂದು ಹುಚ್ಚಾಟವೂ ಆಯಿತು. ಕೆಟ್ಟ ಸ್ಪೀಕರಿನ ಅಯಸ್ಕಾಂತ ಮಂಚದ ಚೌಕಟ್ಟಿಗೆ ಅಂಟಿಸಿ ಸೂಜಿ ಇಡಲು ನೋಡಿದೆ. ಸೂಜಿಗಳಿಗೇ ಸೆಳೆತ ಬಂದು ಒಂದಕ್ಕೊಂದು ಅಂಟಿಕೊಂಡವು. ಈಗ ಅದು ನೆಲಕ್ಕೆ ಬಿದ್ದ ಗುಂಡುಪಿನ್ನು ಹೆಕ್ಕಲು ಮಾತ್ರ, ಆ ಕೆಲಸಕ್ಕೆ ಭಾರಿ ಚಲೋ.

ಬೆಳಕಿಗೆ ಖರ್ಚು ಮಾಡಲಿಲ್ಲ. ಕಪ್ಪು ಇಳಕಲ್ ಸೀರೆಯ ಮೇಲೆ ಗವಂತಿ (ಎಳೆ ಎಣಿಸಿ ಹಾಕುವ ಕಸೂತಿ ಹೊಲಿಗೆ) ಹಾಕುವಾಗ ಎಳೆ ಎಣಿಸುವ ಕಷ್ಟ ನಿಮಗೂ ಗೊತ್ತು. ತೊಡೆಯ ಮೇಲೆ ಬಿಳಿ ಪಂಚೆ ಹಾಸಿಕೊಳ್ಳಿ, ಎಳೆಗಳ ಸಂದು ತಾನೇ ಎದ್ದು ಕಾಣುತ್ತದೆ. ಮಂಚವನ್ನು ಮಾತ್ರ ಪಶ್ಚಿಮದ ಕಿಟಕಿಗೆ ಎದುರಾಗಿ ನಿಲ್ಲಿಸಬೇಡಿ, ಏಪ್ರಿಲ್ ಬಿಸಿಲಿಗೆ ಖಣದ ಬಣ್ಣ ಉಳಿಯುವುದಿಲ್ಲ.

ಮೊದಲು ನಕ್ಕಿದ್ದ ಓಣಿಯ ಇಬ್ಬರು ಈಗ ಗುಜರಿಯಲ್ಲಿ ಮಂಚ ಕೇಳುತ್ತಿದ್ದಾರೆ. ಅಂಗಡಿಯವ ರೇಟು 900ಕ್ಕೆ ಏರಿಸಿದ್ದಾನಂತೆ. ತೂಕ ಹಾಕಿಸದೆ ದುಡ್ಡು ಕೊಡಬೇಡಿ.